ಅಂಡಾಶಯದ ಗೆಡ್ಡೆಯ ವಂಶವಾಹಿ ಪರೀಕ್ಷೆ: ವರದಿ ಚೆನ್ನ, ವಿವರಣೆ ಸಾಲದು

ಅತ್ತಿಗೆಯವರಿಗೆ ಮೂರನೇ ಹಂತದ ಅಂಡಾಶಯದ ಕ್ಯಾನ್ಸರ್ ಎಂದು ಖಚಿತವಾದ ಮೇಲೆ, ವೈದ್ಯರ ಸೂಚನೆಯಂತೆ ಬೆಂಗಳೂರಿನ ಖಾಸಗಿ ಪ್ರಯೋಗಾಲಯವೊಂದರಲ್ಲಿ ಗೆಡ್ಡೆಯ ಬಿಆರ್‌ಸಿಎ (ಡಿಎನ್‌ಎ ದುರಸ್ತಿಗೆ ನೆರವಾಗುವ ವಂಶವಾಹಿಗಳು) ಮತ್ತು ಎಚ್‌ಆರ್‌ಡಿ (ತುಂಡಾದ ಡಿಎನ್‌ಎಯನ್ನು ಕೋಶ ಸರಿಯಾಗಿ ದುರಸ್ತಿ ಮಾಡಲಾಗದ ಸ್ಥಿತಿ) ಪರೀಕ್ಷೆ ಮಾಡಿಸಿದೆವು. ಗೆಡ್ಡೆಯ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನು ಆಸ್ಪತ್ರೆಗೇ ಬಂದು ಒಯ್ದರು. ಆದರೆ ಅದರಲ್ಲಿ ಗೆಡ್ಡೆಯ ಕೋಶಗಳು ಸಾಲವೆಂದು ತಿಳಿಸಲು ಹತ್ತು ದಿನ ತೆಗೆದುಕೊಂಡರು. ಕೀಮೋ ನಡೆಯುತ್ತಿರುವ ಮನೆಯಲ್ಲಿ ಹತ್ತು ದಿನವೆಂದರೆ ಸಣ್ಣ ಅವಧಿಯಲ್ಲ.

ಎರಡನೇ ಬ್ಲಾಕಿನ ವರದಿಯ ಬಗ್ಗೆ ದೂರಿಲ್ಲ. ಬಿಆರ್‌ಸಿಎ1 ವಂಶವಾಹಿಯ ದೋಷ ಸ್ಪಷ್ಟವಾಗಿ ನಮೂದಾಗಿತ್ತು. ಕೀಮೋ ನಂತರ, ಇಂಥ ದೋಷವಿರುವ ಕ್ಯಾನ್ಸರ್ ಕೋಶಗಳ ಡಿಎನ್‌ಎ ದುರಸ್ತಿಯನ್ನು ತಡೆಯುವ ಒಲಾಪರಿಬ್ ಮಾತ್ರೆ ಕೊಡುವ ತೀರ್ಮಾನಕ್ಕೆ ಅದೇ ಆಧಾರವಾಯಿತು. ಇಂಥ ರೋಗಿಗಳಲ್ಲಿ ಈ ಮಾತ್ರೆಯಿಂದ ರೋಗ ಉಲ್ಬಣಿಸುವ ಅಥವಾ ಸಾವಿನ ಅಪಾಯ ಸುಮಾರು 70 ಶೇಕಡ ತಗ್ಗಿದ್ದನ್ನು 2018ರ ಸೋಲೋ-1 ಅಧ್ಯಯನ ತೋರಿಸಿತ್ತು.

ನನ್ನ ಆಕ್ಷೇಪ ಬೇರೆ. ಈ ಪರೀಕ್ಷೆ ಒಂದು ತುಣುಕಿನ ಅಸಂಖ್ಯ ಕೋಶಗಳ ಡಿಎನ್‌ಎಯನ್ನು ಒಟ್ಟಾಗಿ ಓದುತ್ತದೆ. ಆದರೆ ಅಂಡಾಶಯದಲ್ಲಿರುವ, ಕರುಳನ್ನು ಮುಚ್ಚಿದ ಕೊಬ್ಬಿನ ಪೊರೆಗೆ ಹಬ್ಬಿದ, ಹೊಟ್ಟೆಯ ನೀರಿನಲ್ಲಿ ತೇಲುವ ಕ್ಯಾನ್ಸರ್ ಕೋಶಗಳು ಒಬ್ಬರ ದೇಹದಲ್ಲೇ ಪರಸ್ಪರ ಭಿನ್ನವಾಗಿರಬಹುದಾದ್ದರಿಂದ, ಔಷಧಕ್ಕೆ ಬಗ್ಗದ ಸಣ್ಣ ಗುಂಪೊಂದು ಆ ಸರಾಸರಿಯಲ್ಲಿ ಮರೆಯಾಗುವ ಸಂಭವವಿದೆ. ಒಂದೊಂದೇ ಕೋಶವನ್ನು ಓದುವ ವಿಧಾನ ಸದ್ಯಕ್ಕೆ ಹೆಚ್ಚಾಗಿ ಸಂಶೋಧನೆಗೆ ಸೀಮಿತ ಎಂಬುದು ನಿಜ. ಆದರೂ ಈ ಮಿತಿಯನ್ನು ವರದಿಯಲ್ಲಿ ಒಂದು ಸಾಲಿನಲ್ಲಾದರೂ ತಿಳಿಸಬಹುದಿತ್ತು. ಮಾಡಿಸುವವರು ಯಾವ ಭಾಗದ ಬ್ಲಾಕ್ ಕಳುಹಿಸಲಾಗುತ್ತಿದೆ ಎಂದು ರೋಗಶಾಸ್ತ್ರಜ್ಞರನ್ನು ಮೊದಲೇ ಕೇಳಿಕೊಳ್ಳಿ.