ಬೋಂಡ ಕೆಟ್ಟರೆ ಬಾಣಲೆಯನ್ನು ಬೈಯುತ್ತಿದ್ದೆ: ಎಣ್ಣೆಗೆ ಇಡುವ ಥರ್ಮಾಮೀಟರ್, ಎರಡು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಇದು ಅಡುಗೆ ಥರ್ಮಾಮೀಟರ್‌ನ ರಿವ್ಯೂ, ಆದರೆ ಅರ್ಧಕ್ಕಿಂತ ಜಾಸ್ತಿ ಸಿಹಿಗುಂಬಳದ ಬೋಂಡದ ಕತೆಯೇ ಇದೆ. ಏನು ಮಾಡೋದು, ನಾನು ಅದನ್ನು ತಗೊಂಡಿದ್ದೇ ಆ ಬೋಂಡಕ್ಕಾಗಿ.

ಬೇಯಿಸಿದ ಸಿಹಿಗುಂಬಳ, ಮೈದಾ, ಸಕ್ಕರೆ, ಚಕ್ಕೆ ಪುಡಿ, ಸ್ವಲ್ಪ ಜಾಯಿಕಾಯಿ. ಕಲಸಿ ಚಮಚದಲ್ಲಿ ಎಣ್ಣೆಗೆ ಬಿಟ್ಟರೆ ಆಯಿತು. ಕೇಳೋಕೆ ಇಷ್ಟೇ. ನನ್ನ ಕೈಯಲ್ಲಿ ಮಾತ್ರ ಪ್ರತಿ ಸಲ ಎರಡರಲ್ಲಿ ಒಂದು ಗ್ಯಾರಂಟಿ. ಹೊರಗೆ ಕಪ್ಪಗಾಗಿ ಒಳಗೆ ಅಂಟಂಟು ಹಸಿ ಹಿಟ್ಟು ಉಳಿಯುತ್ತಿತ್ತು. ಇಲ್ಲವೇ ಉರಿ ಸಣ್ಣ ಮಾಡಿದ ತಪ್ಪಿಗೆ ಬೋಂಡ ಎಣ್ಣೆ ಕುಡಿದು, ಒತ್ತಿದರೆ ಬೆರಳ ಸಂದಿಯಲ್ಲಿ ಸೋರುತ್ತಿತ್ತು. ಮೈದಾ ಸರಿಯಿಲ್ಲ ಅಂದೆ. ಒಲೆ ಸರಿಯಿಲ್ಲ ಅಂದೆ. ಬಾಣಲೆ ತೆಳುವಾಯಿತು ಅಂತ ದಪ್ಪ ಕಬ್ಬಿಣದ್ದು ತಂದೆ. ಬೋಂಡ ಹಾಗೇ ಇತ್ತು. ಕೊನೆಗೆ ಎಣ್ಣೆ ಎಷ್ಟು ಕಾದಿದೆ ಅಂತ ಊಹೆ ಮಾಡೋದು ಬಿಟ್ಟು ಅಳೆದೇ ನೋಡೋಣ ಅಂತ ಈ ಕಡ್ಡಿ ತರಿಸಿದೆ.

ಪೆನ್ನಿನಂಥ ಸಾಧನ. ಸುಮಾರು ಗೇಣುದ್ದದ ಸ್ಟೀಲ್ ಕಡ್ಡಿ, ತುದಿ ಚೂಪು, ಮೇಲೆ ಪ್ಲಾಸ್ಟಿಕ್ ತಲೆ, ಅದರಲ್ಲಿ ಅಂಕಿ ತೋರಿಸುವ ಪುಟ್ಟ ಪರದೆ. ಗುಂಡು ಸೆಲ್ ಹಾಕಬೇಕು. ಬಾಣಲೆಯ ಅಂಚಿಗೆ ಸಿಕ್ಕಿಸಲು ಒಂದು ಕ್ಲಿಪ್ ಕೊಟ್ಟಿದ್ದಾರೆ, ಆ ಕ್ಲಿಪ್ ವಿಷಯ ಆಮೇಲೆ.

ಬಂದ ದಿನವೇ ಪರೀಕ್ಷೆ ಮಾಡಿದೆ, ನೀವೂ ಮಾಡಿ. ಲೋಟದ ತುಂಬ ಐಸ್ ಚೂರು ಹಾಕಿ, ಮೇಲೆ ಸ್ವಲ್ಪ ನೀರು ಹುಯ್ದು, ಕಲಕಿ, ಕಡ್ಡಿ ಇಟ್ಟರೆ 0 ತೋರಿಸಬೇಕು. ನನ್ನದು 0.4 ತೋರಿಸಿತು, ಪರವಾಗಿಲ್ಲ. ಕುದಿಯುವ ನೀರಿನಲ್ಲಿ 100ರ ಹತ್ತಿರ ಬರಬೇಕು. ಆದರೆ ನೀವಿರುವ ಜಾಗ ಎತ್ತರದಲ್ಲಿದ್ದರೆ ನೀರು ಮೊದಲೇ ಕುದಿಯುತ್ತದೆ, ಸುಮಾರು 300 ಮೀಟರ್ ಎತ್ತರಕ್ಕೆ ಒಂದು ಡಿಗ್ರಿ ಲೆಕ್ಕದಲ್ಲಿ ಕಡಿಮೆ. ಅದು ಗೊತ್ತಿಲ್ಲದೆ ಸಾಧನ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ.

ಇನ್ನು ಎಣ್ಣೆ. ಇಷ್ಟು ದಿನ ನಾನು ಮಾಡುತ್ತಿದ್ದದ್ದು ಹಿಟ್ಟಿನ ಹನಿ ಪರೀಕ್ಷೆ. ಒಂದು ಚೂರು ಹಿಟ್ಟು ಬಿಡು, ಅದು ಗುಳ್ಳೆ ಎದ್ದು ತೇಲಿದರೆ ಎಣ್ಣೆ ಕಾದಿದೆ ಅಂತ ಅರ್ಥ. ಥರ್ಮಾಮೀಟರ್ ಇಟ್ಟುಕೊಂಡು ಅದನ್ನೇ ಮಾಡಿ ನೋಡಿದರೆ, ಹನಿ 160ರಲ್ಲೂ ತೇಲುತ್ತದೆ, 200ರಲ್ಲೂ ತೇಲುತ್ತದೆ! ನಾನು "ಈಗ ಸರಿ" ಅಂದುಕೊಂಡ ಹೊತ್ತಿಗೆ ಪರದೆಯಲ್ಲಿ 198. ಖಾರದ ಬೋಂಡಕ್ಕೇ ಅದು ಜಾಸ್ತಿ. ಇದರಲ್ಲಿ ಸಕ್ಕರೆ ಬೇರೆ ಇದೆ, ಕುಂಬಳದ ಸ್ವಂತ ಸಿಹಿಯೂ ಇದೆ. ಸಿಹಿ ಇದ್ದ ಹಿಟ್ಟು ಬೇಗ ಕೆಂಪಾಗುತ್ತದೆ, ಒಳಗೆ ಬಿಸಿ ಮುಟ್ಟುವಷ್ಟರಲ್ಲಿ ಹೊರಗೆ ಸೀದಿರುತ್ತದೆ. ಈಗ ನಾನು 170ರಲ್ಲಿ ಬಿಡುತ್ತೇನೆ, 175 ದಾಟಲು ಬಿಡುವುದಿಲ್ಲ.

ಎರಡನೇ ಪಾಠ ಇನ್ನೂ ಮಜವಾಗಿತ್ತು. 170ರಲ್ಲಿ ಒಟ್ಟಿಗೆ ಎಂಟು ಬೋಂಡ ಬಿಟ್ಟೆ. ಪರದೆ ನೋಡುತ್ತಾ ನಿಂತಿದ್ದೇನೆ, 165, 158, 150, 144... ಲಿಫ್ಟ್ ಇಳಿದ ಹಾಗೆ ಇಳಿಯಿತು. ಮತ್ತೆ ಮೇಲೆ ಬರಲು ಮೂರು ನಿಮಿಷ ಬೇಕಾಯಿತು, ಅಷ್ಟರಲ್ಲಿ ಬೋಂಡಗಳು ಎಣ್ಣೆಯಲ್ಲಿ ಸುಮ್ನೆ ನೆನೆಯುತ್ತಾ ಕೂತಿದ್ದವು. ಮುಂದಿನ ಸಲ ನಾಲ್ಕೇ ಬಿಟ್ಟೆ. 160ಕ್ಕೆ ಇಳಿದು ಬೇಗ ಏರಿತು. ಎಣ್ಣೆ ಕುಡಿಯುವ ಕಾಯಿಲೆ ಅಲ್ಲಿಗೆ ಮುಕ್ಕಾಲು ವಾಸಿ. ಇಷ್ಟು ವರ್ಷ ಗಡಿಬಿಡಿಯಲ್ಲಿ ಬಾಣಲೆ ತುಂಬುತ್ತಿದ್ದೆ, ಬೈಗುಳ ಮಾತ್ರ ಬಾಣಲೆಗೆ.

ಉಳಿದ ಕಾಲು ಭಾಗಕ್ಕೆ ಥರ್ಮಾಮೀಟರ್ ಮದ್ದಲ್ಲ. ಎಣ್ಣೆ ಸರಿಯಾಗಿದ್ದರೂ ಬೋಂಡದ ನಡು ಅಂಟಾಗಿಯೇ ಇತ್ತು. ಒಂದನ್ನು ತೆಗೆದು ಕಡ್ಡಿಯನ್ನು ನಡುವಿಗೇ ಚುಚ್ಚಿದೆ. 97 ತೋರಿಸಿತು. ಅಂದರೆ ಬೆಂದಿದೆ, ಆದರೂ ಒಳಗೆ ಲೇಹ್ಯ. ಆಗ ತಲೆಗೆ ಹೊಳೆದದ್ದು ನೀರು. ಸಿಹಿಗುಂಬಳದಲ್ಲಿ ನೂರಕ್ಕೆ ತೊಂಬತ್ತು ಭಾಗ ನೀರೇ. ಅದರ ಮೇಲೆ ನಾನು ಅದನ್ನು ನೀರಿನಲ್ಲಿ ಮುಳುಗಿಸಿ ಬೇಯಿಸುತ್ತಿದ್ದೆ! ಬೇಯಿಸಿದ್ದನ್ನು ತೆಳು ಬಟ್ಟೆಯಲ್ಲಿ ಹಾಕಿ ಹಿಂಡಿದಾಗ ಅರ್ಧ ಲೋಟಕ್ಕಿಂತ ಜಾಸ್ತಿ ಹಳದಿ ನೀರು ಇಳಿಯಿತು. ಆ ನೀರನ್ನೆಲ್ಲ ತಡೆಯಲು ಮೈದಾ ಸುರಿಯುತ್ತಾ ಹೋಗುತ್ತಿದ್ದೆ, ಬೋಂಡದಲ್ಲಿ ಕುಂಬಳದ ರುಚಿಯೇ ಇರುತ್ತಿರಲಿಲ್ಲ.

ಈಗ ಮಾಡುವುದು ಹೀಗೆ. ಕುಂಬಳವನ್ನು ದೊಡ್ಡ ಹೋಳು ಮಾಡಿ ಹಬೆಯಲ್ಲಿ ಬೇಯಿಸುತ್ತೇನೆ, ಅವನ್ ಇದ್ದವರು ಸುಟ್ಟುಕೊಂಡರೆ ಇನ್ನೂ ಒಳ್ಳೆಯದು. ಹಿಸುಕಿ, ಖಾಲಿ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ಕೆದಕುತ್ತೇನೆ. ಮೊದಲು ಫಚ್ ಫಚ್ ಎಂದು ಸಿಡಿಯುತ್ತದೆ. ಹತ್ತು ನಿಮಿಷಕ್ಕೆ ಸಿಡಿಯುವುದು ನಿಂತು, ಸೌಟು ಎಳೆದ ದಾರಿ ಮುಚ್ಚಿಕೊಳ್ಳದೆ ಹಾಗೇ ಉಳಿಯುತ್ತದೆ, ಬಣ್ಣ ಹಳದಿಯಿಂದ ಕೇಸರಿಗೆ ತಿರುಗಿರುತ್ತದೆ. ಆಗ ಇಳಿಸಿ ಪೂರ್ತಿ ಆರಿಸುವುದು. ಹೀಗೆ ಒಣಗಿಸಿದ ಕುಂಬಳ 250 ಗ್ರಾಂ ಇದ್ದರೆ ಮೈದಾ 120 ಗ್ರಾಂ, ಸಕ್ಕರೆ ಎರಡು ದೊಡ್ಡ ಚಮಚ, ಬೇಕಿಂಗ್ ಪೌಡರ್ ಒಂದು ಸಣ್ಣ ಚಮಚ, ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ, ಅದಿಲ್ಲದೆ ಸಿಹಿ ಸಪ್ಪೆ. ಸಕ್ಕರೆಯನ್ನು ಬಿಸಿ ಕುಂಬಳಕ್ಕೆ ಹಾಕಬೇಡಿ, ಕರಗಿ ಎಲ್ಲ ನೀರಾಗಿ ಪಟ್ಟ ಶ್ರಮ ವ್ಯರ್ಥ. ಬೆಲ್ಲ ಹಾಕುವವರಿಗಂತೂ ಇದು ಎರಡು ಪಟ್ಟು ಅನ್ವಯ. ಹಿಟ್ಟಿನ ಹದಕ್ಕೆ ನನ್ನ ಲೆಕ್ಕ: ಚಮಚ ಓರೆ ಮಾಡಿದರೆ ತಾನಾಗಿ ಜಾರಬಾರದು, ಬೆರಳಿನಿಂದ ತಳ್ಳಿದರೆ ಬೀಳಬೇಕು. ಕಲಸಿದ ಮೇಲೆ ಇಟ್ಟುಕೊಂಡು ಕೂರಬೇಡಿ, ಬೇಕಿಂಗ್ ಪೌಡರ್ ಕೆಲಸ ಶುರು ಮಾಡಿರುತ್ತದೆ.

ಮಸಾಲೆಯಲ್ಲಿ ನಾನು ಹಟಮಾರಿ. ಚಕ್ಕೆ ಅರ್ಧ ಸಣ್ಣ ಚಮಚ, ಒಣ ಶುಂಠಿ ಪುಡಿ ಕಾಲು, ಜಾಯಿಕಾಯಿಯನ್ನು ಆಗಲೇ ತುರಿದು ಒಂದೆರಡು ಚಿಟಿಕೆ. ಲವಂಗ ಒಂದೇ ಒಂದು ಪುಡಿ ಮಾಡಿ ಹಾಕಿ, ಎರಡಾದರೆ ಹಲ್ಲಿನ ಡಾಕ್ಟರ ಬಳಿ ಹೋದ ನೆನಪಾಗುತ್ತದೆ. ಆದರೂ ಎಣ್ಣೆಯಲ್ಲಿ ಕರಿದಾಗ ಘಮ ಅರ್ಧ ಹಾರಿಹೋಗುತ್ತದೆ. ಅದಕ್ಕೇ ಹಿಟ್ಟಿಗೆ ಸಕ್ಕರೆ ಕಡಿಮೆ ಹಾಕಿ, ಕರಿದ ಮೇಲೆ ಚಕ್ಕೆ ಬೆರೆಸಿದ ಸಕ್ಕರೆಯಲ್ಲಿ ಹೊರಳಿಸುತ್ತೇನೆ. ಬಾಣಲೆಯಿಂದ ತೆಗೆದ ಕೂಡಲೇ ಎಣ್ಣೆ ಸೋರಲು ಜಾಲರಿ ಮೇಲೆ ಒಂದು ನಿಮಿಷ ಇಟ್ಟು ಆಮೇಲೆ ಹೊರಳಿಸಿ. ಈ ಒಂದು ನಿಮಿಷ ಮುಖ್ಯ. ಬೇಯುವಾಗ ಹಬೆ ಹೊರಗೆ ನುಗ್ಗುತ್ತಾ ಎಣ್ಣೆಯನ್ನು ತಡೆದಿರುತ್ತದೆ, ಹೊರಗೆ ತೆಗೆದು ಆರತೊಡಗಿದಾಗಲೇ ಮೈಗೆ ಅಂಟಿದ ಎಣ್ಣೆ ಒಳಗೆ ಎಳೆದುಕೊಳ್ಳುವುದು.

ಸರಿ, ಥರ್ಮಾಮೀಟರ್‌ನ ದೂರುಗಳು. ಕ್ಲಿಪ್ ಅಂದೆನಲ್ಲ, ಅದು ತೆಳು ಪಾತ್ರೆಗೆ ಮಾತ್ರ. ನನ್ನ ದಪ್ಪ ಬಾಣಲೆಯ ಅಂಚಿಗೆ ಅದು ಹಿಡಿಯುವುದೇ ಇಲ್ಲ, ಒಂದು ಕೈಯಲ್ಲಿ ಕಡ್ಡಿ ಹಿಡಿದು ಇನ್ನೊಂದರಲ್ಲಿ ಬೋಂಡ ತಿರುವಬೇಕು. ತುದಿ ತಳಕ್ಕೆ ತಾಗಿದರೆ ಎಣ್ಣೆಯ ಬದಲು ಕಬ್ಬಿಣದ ಬಿಸಿ ತೋರಿಸುತ್ತದೆ, ಒಮ್ಮೆ 230 ನೋಡಿ ಹೆದರಿ ಒಲೆ ಆರಿಸಿದ್ದೇನೆ. ಹತ್ತು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ, ಅದೂ ಸರಿಯಾಗಿ ಹಿಟ್ಟಿನ ಕೈ ಇರುವಾಗ. ಡಬ್ಬಿಯಿಂದ ತೆಗೆದಾಗ ಫ್ಯಾರನ್‌ಹೀಟ್‌ನಲ್ಲಿತ್ತು, ಸೆಲ್ಸಿಯಸ್‌ಗೆ ಬದಲಿಸುವ ಗುಂಡಿಯನ್ನು ಸೆಲ್ ಮುಚ್ಚಳದ ಒಳಗೆ ಬಚ್ಚಿಟ್ಟಿದ್ದಾರೆ. ಯಾಕೋ! ಮಾರಿದವರಿಗೆ ಬರೆದು ಕೇಳಿದರೆ "ಕೈಪಿಡಿ ನೋಡಿ" ಅಂದರು. ಕೈಪಿಡಿಯಲ್ಲಿ ಇರುವುದು ಒಂದು ಚಿತ್ರ, ಅದರಲ್ಲಿ ಮುಚ್ಚಳ ಮುಚ್ಚಿದೆ.

ಒಳ್ಳೆಯದೂ ಹೇಳಬೇಕಲ್ಲ. ಐದಾರು ಸೆಕೆಂಡಿಗೆ ಅಂಕಿ ನಿಲ್ಲುತ್ತದೆ, ಎರಡು ತಿಂಗಳಾದ ಮೇಲೂ ಐಸ್ ಪರೀಕ್ಷೆಯಲ್ಲಿ ಅದೇ 0.4. ಕಡ್ಡಿ ಒರೆಸಿದರೆ ಸಾಕು. ತಲೆಯನ್ನು ಮಾತ್ರ ನಲ್ಲಿ ಕೆಳಗೆ ಹಿಡಿಯಬೇಡಿ. ತೊಳೆದ ಮೇಲೆ ಕಡ್ಡಿಯಲ್ಲಿ ಒಂದು ಹನಿ ನೀರೂ ಇಲ್ಲದ ಹಾಗೆ ಒರೆಸಿಯೇ ಎಣ್ಣೆಗೆ ಇಡಿ, ನನ್ನ ಮೊಣಕೈ ಮೇಲಿನ ಚುಕ್ಕೆ ಇದಕ್ಕೆ ಸಾಕ್ಷಿ.

ಹೋದ ವಾರ ದೊಡ್ಡಮ್ಮ ಬಂದಿದ್ದರು. ಕಡ್ಡಿ ಹಿಡಿದು ನಿಂತ ನನ್ನನ್ನು ನೋಡಿ, "ಏನೋ ಇದು, ಎಣ್ಣೆಗೆ ಜ್ವರ ಬಂದಿದೆಯಾ?" ಅಂದರು. ಸರಿ ದೊಡ್ಡಮ್ಮ, ನೀವೇ ಹೇಳಿ, ಯಾವಾಗ ಬಿಡಲಿ ಅಂದೆ. ಪರದೆಯನ್ನು ಕೈಯಲ್ಲಿ ಮುಚ್ಚಿಕೊಂಡೆ. ಅವರು ಮರದ ಸೌಟಿನ ಹಿಡಿಯನ್ನು ಎಣ್ಣೆಗೆ ಇಳಿಸಿ, ಅದರ ಸುತ್ತ ಏಳುವ ಗುಳ್ಳೆ ನೋಡುತ್ತಾ ನಿಂತರು. ಇನ್ನೂ ಇಲ್ಲ. ಇನ್ನೂ ಇಲ್ಲ. "ಹೂಂ, ಈಗ ಬಿಡು." ಕೈ ತೆಗೆದು ನೋಡಿದೆ, 172. ಆಮೇಲೆ ತೆಗೆಯುವ ಹೊತ್ತನ್ನೂ ಅವರು ಕಿವಿಯಲ್ಲೇ ಹೇಳಿದರು. ಬೋಂಡದ ನೀರು ಹೋಗುತ್ತಾ ಹೋದಂತೆ ಚಟಪಟ ಸದ್ದು ಇಳಿಯುತ್ತದೆ, ಸದ್ದು ಪಿಸುಗುಟ್ಟುವಷ್ಟಾದಾಗ ತೆಗಿ ಅಂತ.

ಹಾಗಾಗಿ ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಇದನ್ನು ಕೊಳ್ಳಬೇಡಿ, ಅವರ ಪಕ್ಕ ನಿಂತುಕೊಳ್ಳಿ. ವರ್ಷಕ್ಕೊಮ್ಮೆ ಕರಿಯುವವರಿಗೂ ಬೇಡ. ನನ್ನ ಹಾಗೆ ಒಬ್ಬರೇ ಕಲಿಯುತ್ತಿದ್ದು, ಮೂರು ಸಲ ಸೀಯಿಸಿ ನಾಲ್ಕನೇ ಸಲಕ್ಕೆ ಬೇರೆ ಬಾಣಲೆ ಹುಡುಕುವವರಾದರೆ ಖಂಡಿತ ತಗೊಳ್ಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕ್ಲಿಪ್ ನೆಟ್ಟಗಿದ್ದರೆ ನಾಲ್ಕು ಕೊಡುತ್ತಿದ್ದೆ.