ಮೊದಲ ಮಹಾನಗರ: ಮುಂಬೈಯೋ, ಕೋಲ್ಕತ್ತವೋ?

ಓದು ಮುಗಿಸಿದ ಮಕ್ಕಳನ್ನು ಒಂದು ವಾರ ದೊಡ್ಡ ಊರಿಗೆ ಕಳಿಸಬೇಕೆಂದರೆ, ನನಗೆ ಮೊದಲು ತೋಚುವುದು ಈ ಎರಡೇ ಊರು.

ಮುಂಬೈ ದುಡಿಮೆಯ ಪಾಠ. ಹುಬ್ಬಳ್ಳಿಯಿಂದ ರಾತ್ರಿ ಹೊರಟರೆ ಮರುದಿನ ಅಲ್ಲಿರಬಹುದು. ಮಧ್ಯಾಹ್ನದ ಊಟಕ್ಕೆ ಮುಂಚೆ ಚರ್ಚ್‌ಗೇಟ್ ನಿಲ್ದಾಣದ ಹೊರಗೆ ನಿಂತು ನೋಡಿ. ಮನೆಯೂಟದ ಡಬ್ಬಿಗಳನ್ನು ಕಚೇರಿಗಳಿಗೆ ಮುಟ್ಟಿಸುವ ಬಿಳಿ ಟೋಪಿಯ ಡಬ್ಬಾವಾಲಾಗಳು ಉದ್ದನೆಯ ಮರದ ತಟ್ಟೆಗಳನ್ನು ಇಳಿಸಿ, ಮುಚ್ಚಳದ ಮೇಲಿನ ಬಣ್ಣ, ಅಂಕಿ, ಅಕ್ಷರ ನೋಡಿಯೇ ಡಬ್ಬಿಗಳನ್ನು ಬೇರ್ಪಡಿಸುತ್ತಾರೆ. ಹೆಚ್ಚು ಓದದವರು ಕಟ್ಟಿದ ಇಂಥ ವ್ಯವಸ್ಥೆ ಕಂಡ ಮೇಲೆ ಜಾಣತನದ ಬಗ್ಗೆ ನಮಗಿರುವ ಎಣಿಕೆಯೇ ಬದಲಾಗುತ್ತದೆ. ಧಾರಾವಿಯಲ್ಲಿರುವ ಕುಂಬಾರರ ಕೇರಿ ಕುಂಭಾರವಾಡಾವನ್ನೂ ಬಿಡಬೇಡಿ. ಮಾಟುಂಗಾದಲ್ಲಿ ಉಡುಪಿ ಹೋಟೆಲು, ಕನ್ನಡದ ಮಾತು ಎರಡೂ ಸಿಗುತ್ತವೆ. ಒಂಟಿಯಾಗಿ ಹೋಗಲು ಅಂಜುವವರಿಗೆ ಇದು ದೊಡ್ಡ ಆಸರೆ.

ಕೋಲ್ಕತ್ತ ನಿಧಾನದ ಊರು. ಬೆಂಗಳೂರಿನಿಂದ ರೈಲಿನಲ್ಲಿ ಒಂದು ದಿನಕ್ಕಿಂತ ಹೆಚ್ಚೇ ಹಿಡಿಯುತ್ತದೆ. 1814ರಲ್ಲಿ ಶುರುವಾದ ಇಂಡಿಯನ್ ಮ್ಯೂಸಿಯಂ, ಕಾಲೇಜ್ ಸ್ಟ್ರೀಟಿನ ಹಳೇ ಪುಸ್ತಕದ ಸಾಲು, ಹುಲ್ಲು ಕಟ್ಟಿ ಮಣ್ಣು ಮೆತ್ತಿ ದುರ್ಗೆಯನ್ನು ಮಾಡುವ ಕುಮಾರಟುಲಿಯ ಓಣಿ, ಎಲ್ಲಕ್ಕೂ ಪುರುಸೊತ್ತು ಬೇಕು. 1984ರಲ್ಲಿ ದೇಶದ ಮೊದಲ ಮೆಟ್ರೋ ಓಡಿದ್ದೂ ಇಲ್ಲೇ. 2024ರಿಂದ ಅದು ಹೂಗ್ಲಿ ನದಿಯ ಅಡಿಯಲ್ಲೂ ಸಾಗುತ್ತಿದೆ.

ಕೆಲಸ ಹುಡುಕುವ ಹಂಬಲವಿದ್ದರೆ ಮುಂಬೈ ಸರಿ. ಆದರೆ ನನ್ನ ಮತ ಕೋಲ್ಕತ್ತಕ್ಕೆ. ಮಾಟುಂಗಾದಂಥ ಆಸರೆ ಅಲ್ಲಿ ಸುಲಭಕ್ಕೆ ಸಿಗದು, ಗುರುತಿಲ್ಲದವರನ್ನು ಮಾತಾಡಿಸಲೇಬೇಕಾಗುತ್ತದೆ; ಮಕ್ಕಳು ಕಲಿಯಬೇಕಾದದ್ದೂ ಅದನ್ನೇ. ಮಳೆಗಾಲ ಎರಡಕ್ಕೂ ಬೇಡ. ಡಿಸೆಂಬರ್, ಜನವರಿ ನೋಡಿ ಟಿಕೆಟ್ ಮಾಡಿಸಿ.