ಬಲಗೈ ನೋಡಲು ಕಟ್ಟಿದ ಚಂದಾ: ಮೋಟೊಜಿಪಿ ವಿಡಿಯೊಪಾಸ್

ನಾನು ಫಿಸಿಯೊಥೆರಪಿಸ್ಟ್. ಭುಜ, ತೋಳು, ಮೊಣಕೈ ಮುರಿದುಕೊಂಡವರು ಪ್ಲಾಸ್ಟರ್ ಬಿಚ್ಚಿಸಿಕೊಂಡ ಮೇಲೆ ನನ್ನ ಹತ್ತಿರ ಬರುತ್ತಾರೆ. ಕೈ ಎಷ್ಟು ಮಡಚುತ್ತೆ, ಎಷ್ಟು ತಿರುಗುತ್ತೆ, ಎಲ್ಲಿ ನೋವು ಶುರುವಾಗುತ್ತೆ ಅಂತ ಅಳೆಯುವುದೇ ದಿನದ ಕೆಲಸ. ಬೈಕ್ ರೇಸಿನ ಹುಚ್ಚಿದ್ದದ್ದು ನನ್ನ ತಮ್ಮನಿಗೆ. ಅವನೇ ಒಂದು ವರ್ಷದ ವಿಡಿಯೊಪಾಸ್ ಚಂದಾ ಕಟ್ಟಿಕೊಟ್ಟು, 'ಅಕ್ಕಾ, ನೀನು ರೇಸ್ ನೋಡಬೇಡ, ಸ್ಪೇನಿನ ಸವಾರ ಮಾರ್ಕ್ ಮಾರ್ಕ್ವೆಜ್‌ನ ಬಲಗೈ ಒಂದನ್ನೇ ನೋಡು' ಅಂದ. ವರ್ಷ ಮುಗಿಯುತ್ತಾ ಬಂತು. ಚಂದಾ ಮುಂದುವರಿಸಬೇಕಾ ಬೇಡವಾ ಅಂತ ಯೋಚಿಸುವ ಹೊತ್ತಿಗೆ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ಮೋಟೊಜಿಪಿ ಅಂದರೆ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಷಿಪ್, ವಿಡಿಯೊಪಾಸ್ ಅವರದೇ ಅಧಿಕೃತ ಸೇವೆ. ಅಭ್ಯಾಸ, ಅರ್ಹತಾ ಸುತ್ತು, ಶನಿವಾರದ ಸ್ಪ್ರಿಂಟ್ ಅನ್ನೋ ಚಿಕ್ಕ ರೇಸ್, ಭಾನುವಾರದ ರೇಸ್ ಎಲ್ಲ ನೇರಪ್ರಸಾರ. ಕೆಳಗಿನ ವಿಭಾಗಗಳಾದ ಮೋಟೊ3, ಮೋಟೊ2 ಕೂಡ ಸೇರಿವೆ. ನೇರಪ್ರಸಾರದ ಹೊತ್ತಿಗೆ ಬೈಕಿನ ಮೇಲಿನ ಕ್ಯಾಮೆರಾವನ್ನು ನಾವೇ ಆರಿಸಿಕೊಂಡು ನೋಡಬಹುದು. ಆದರೆ ನನ್ನ ಮಟ್ಟಿಗೆ ಕೊಟ್ಟ ದುಡ್ಡು ವಸೂಲಾದದ್ದು ಇದರ ಭಂಡಾರದಿಂದ. 1992ರಿಂದ ಈಚಿನ ರೇಸ್‌ಗಳು ಅಲ್ಲಿವೆ. ಅಂದರೆ 1993ರ ಫೆಬ್ರವರಿಯಲ್ಲಿ ಕ್ಯಾಟಲೋನಿಯಾದ ಸೆರ್ವೆರಾ ಅನ್ನೋ ಊರಲ್ಲಿ ಹುಟ್ಟಿದ ಮಾರ್ಕ್‌ನ ಇಡೀ ಗ್ರ್ಯಾನ್ ಪ್ರೀ ಬದುಕು, 2008ರಲ್ಲಿ ಪೋರ್ಚುಗಲ್‌ನ ಎಸ್ಟೊರಿಲ್‌ನಲ್ಲಿ 125 ಸಿಸಿ ಬೈಕ್ ಹತ್ತಿದ ದಿನದಿಂದ, ಒಂದೇ ಕಡೆ ಸಿಗುತ್ತೆ. ಬೈಕಿನ ಮೇಲಿನ 93 ಅವನು ಹುಟ್ಟಿದ ವರ್ಷ ಅಂತ ನನಗೆ ತಿಳಿದದ್ದೂ ಇಲ್ಲೇ.

ದಿನಾ ರಾತ್ರಿ ಊಟ ಆದ ಮೇಲೆ ಒಂದು ರೇಸ್, ವರ್ಷದ ಕ್ರಮದಲ್ಲೇ. ಹಾಗೆ ನೋಡಿದರೆ ಮಾತ್ರ ಈ ಸೇವೆಯ ಬೆಲೆ ಗೊತ್ತಾಗುತ್ತೆ. ಐದು ನಿಮಿಷದ ತುಣುಕುಗಳಲ್ಲಿ ಗೆಲುವು ಕಾಣುತ್ತೆ, ಗೆಲುವಿನ ಹಿಂದಿನ ಗಂಟೆ ಕಾಣುವುದಿಲ್ಲ. 2010ರ ಎಸ್ಟೊರಿಲ್ ತಗೊಳ್ಳಿ. ಮಳೆ ಬಂದು ರೇಸ್ ನಿಲ್ಲಿಸಿದರು. ಮತ್ತೆ ಶುರು ಮಾಡಲು ಗ್ರಿಡ್ (ಬೈಕ್‌ಗಳು ಸಾಲಾಗಿ ನಿಂತು ಹೊರಡುವ ಜಾಗ) ಕಡೆ ಹೋಗುವ ಸುತ್ತಿನಲ್ಲಿ ಈ ಹುಡುಗ ಬಿದ್ದ. ವಿಶ್ವ ಪಟ್ಟ ಕೈಗೆ ಬರುವ ಹೊತ್ತು, ಬೈಕ್ ಜಖಂ. ಮೆಕ್ಯಾನಿಕ್‌ಗಳು ಅವಸರದಲ್ಲಿ ಸರಿಮಾಡಿ ಕಳಿಸಿದರು, ಗ್ರಿಡ್‌ನ ಹಿಂಬದಿಯಿಂದ ಹೊರಟು ಗೆದ್ದ. ಮುಂದಿನ ವಾರ ವೆಲೆನ್ಸಿಯಾದಲ್ಲಿ ಮೊದಲ ವಿಶ್ವ ಪಟ್ಟ. ಗೆದ್ದದ್ದಕ್ಕಿಂತ ಬೈಕ್ ರಿಪೇರಿ ಆಗುತ್ತಿದ್ದ ಆ ಹೊತ್ತೇ ನನ್ನ ಎದೆ ಹಿಡಿದದ್ದು. 2012ರ ಕೊನೆಯ ಮೋಟೊ2 ರೇಸ್ ಅಂತೂ ಎರಡು ಸಲ ನೋಡಿದೆ. ಶಿಕ್ಷೆಯಾಗಿ 33ನೇ ಸ್ಥಾನದಿಂದ ಹೊರಡಬೇಕಾಯಿತು, ಒದ್ದೆ ರಸ್ತೆ, ಆದರೂ ಗೆಲುವು. ಅದೂ ಹಿಂದಿನ ವರ್ಷ ಮಲೇಷ್ಯಾದ ಸೆಪಾಂಗ್‌ನಲ್ಲಿ ಬಿದ್ದು ಒಂದು ವಸ್ತು ಎರಡಾಗಿ ಕಾಣುತ್ತಿದ್ದ ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡು ಬಂದವನು.

2013ರಿಂದ 2019ರವರೆಗೆ ಹೇಳುವುದು ಕಡಿಮೆ. ಹೋಂಡಾ ಮೇಲೆ ಏಳು ವರ್ಷದಲ್ಲಿ ಆರು ಪಟ್ಟ, 2014ರಲ್ಲಿ ಮೊದಲ ಹತ್ತು ರೇಸೂ ಅವನವೇ. ಇಷ್ಟೊಂದು ಗೆಲುವನ್ನು ಸಾಲಾಗಿ ನೋಡುತ್ತಾ ಹೋದರೆ ಸ್ವಲ್ಪ ಬೇಸರ ಬರುತ್ತೆ, ನಿಜ ಹೇಳಬೇಕಲ್ಲ. ಬೇಸರ ಬಂದಾಗ ಬೀಳುತ್ತಾ ಬೀಳುತ್ತಾ ಉಳಿದುಕೊಂಡ ಜಾಗಗಳನ್ನು ಹುಡುಕಿ. 2017ರ ವೆಲೆನ್ಸಿಯಾದಲ್ಲಿ ಮೊದಲ ತಿರುವಿನಲ್ಲಿ ಮುಂದಿನ ಚಕ್ರ ಜಾರಿತು. ಮೊಣಕೈ, ಮೊಣಕಾಲು ಎರಡನ್ನೂ ನೆಲಕ್ಕೆ ಒತ್ತಿ ಬೈಕನ್ನು ಮೇಲೆತ್ತಿದ. ನಾನು ಅದನ್ನು ಹಿಂದಕ್ಕೆ ಸರಿಸಿ ಸರಿಸಿ ನೋಡಿದೆ. ಆ ವೇಗದಲ್ಲಿ ಆ ಭಾರ ಮೊಣಕೈಯಿಂದ ಭುಜಕ್ಕೇ ಏರುತ್ತೆ. ಹೀಗೆ ವರ್ಷಗಟ್ಟಲೆ ದುಡಿಸಿಕೊಂಡ ಭುಜ ಸುಮ್ಮನಿರುತ್ತಾ? 2018ರಲ್ಲಿ ಜಪಾನಿನ ಮೊಟೆಗಿಯಲ್ಲಿ ಪಟ್ಟ ಗೆದ್ದ ಸಂಭ್ರಮದಲ್ಲಿ ಇನ್ನೊಬ್ಬ ಸವಾರ ಅಭಿನಂದಿಸುವಾಗ ಎಡಭುಜ ಕೀಲು ತಪ್ಪಿತು. ಆ ವರ್ಷದ ಕೊನೆಗೆ ಎಡಭುಜಕ್ಕೆ, ಮರುವರ್ಷದ ಕೊನೆಗೆ ಬಲಭುಜಕ್ಕೆ ಆಪರೇಷನ್.

ಇನ್ನು 2020ರ ಜುಲೈ 19, ಸ್ಪೇನಿನ ಹೆರೆಸ್. ತಮ್ಮ ನೋಡು ಅಂದದ್ದು ಇದನ್ನೇ. ಕೊರೊನಾ ಕಾಲ, ಗ್ಯಾಲರಿಗಳೆಲ್ಲ ಖಾಲಿ. ಐದನೇ ಸುತ್ತಿನಲ್ಲಿ ಮುಂದಿದ್ದವನು ಜಾರಿ, ಬೀಳದೆ ಉಳಿದುಕೊಂಡು, ಜಲ್ಲಿಕಲ್ಲಿನ ಮೇಲೆ ಹೋಗಿ 16ನೇ ಸ್ಥಾನಕ್ಕೆ ಬಂದ. ಅಲ್ಲಿಂದ ಒಬ್ಬೊಬ್ಬರನ್ನೇ ಹಿಂದೆ ಹಾಕಿ ಮೂರನೇ ಸ್ಥಾನಕ್ಕೇರಿದ. ಇನ್ನು ಮೂರ್ನಾಲ್ಕು ಸುತ್ತು ಬಾಕಿ ಇರುವಾಗ ಹಿಂದಿನ ಚಕ್ರ ಎಗರಿಸಿ ಬಿಸಾಕಿತು. ಉರುಳಿದ ಬೈಕಿನ ಚಕ್ರ ಬಲತೋಳಿಗೆ ಬಡಿಯಿತು, ಹ್ಯೂಮರಸ್, ಅಂದರೆ ಮೇಲ್ತೋಳಿನ ಮೂಳೆ, ಮುರಿಯಿತು. ಎದ್ದು ಕೂತವನು ಎಡಗೈಯಿಂದ ಬಲಗೈ ಹಿಡಿದುಕೊಂಡ ರೀತಿ ನೋಡಿದರೆ ನನ್ನಂಥವರಿಗೆ ಎಕ್ಸ್‌ರೇ ಬೇಕಾಗುವುದಿಲ್ಲ.

ಆಮೇಲೆ ಬಂದದ್ದು ನನಗೆ ಇವತ್ತಿಗೂ ಅರಗದ ಸಂಗತಿ. ಮಂಗಳವಾರ ಆಪರೇಷನ್ ಮಾಡಿ ಮುರಿದ ಮೂಳೆಗೆ ಲೋಹದ ಪ್ಲೇಟ್ ಹಾಕಿದರು. ಶನಿವಾರ ಅದೇ ಹೆರೆಸ್‌ನಲ್ಲಿ ಮತ್ತೆ ಬೈಕ್ ಹತ್ತಿದ! ಆ ಟ್ರ್ಯಾಕಿನ 13 ತಿರುವುಗಳಲ್ಲಿ 8 ಬಲಕ್ಕೆ. ಮುಂದಿನ ಬ್ರೇಕ್, ಆ್ಯಕ್ಸಿಲರೇಟರ್ ಎರಡೂ ಬಲಗೈಯಲ್ಲೇ. ಬ್ರೇಕ್ ಒತ್ತುವಾಗ ಮೈಭಾರವೆಲ್ಲ ಮುಂದಕ್ಕೆ ಬಂದು ತೋಳಿನ ಮೇಲೆ ಕೂರುತ್ತೆ. ನಾಲ್ಕು ದಿನದ ಪ್ಲೇಟಿನ ಮೇಲೆ! ನನ್ನ ರೋಗಿಗಳಿಗೆ ಅಷ್ಟು ದಿನಕ್ಕೆ ಬೆರಳು ಮಡಚಿ ಬಿಡಿಸಿ ಅಂತ ಮಾತ್ರ ಹೇಳಿರುತ್ತೇನೆ. ಅರ್ಹತಾ ಸುತ್ತಿನಲ್ಲಿ ಒಂದು ಸುತ್ತು ಹೋಗಿ ವಾಪಸ್ ಬಂದು, ಆಗಲ್ಲ ಅಂತ ನಿಲ್ಲಿಸಿದ. ಇಂಥ ಅಭ್ಯಾಸದ ಅವಧಿಗಳನ್ನು ಯಾವ ಹೈಲೈಟ್ಸೂ ತೋರಿಸುವುದಿಲ್ಲ. ವಿಡಿಯೊಪಾಸ್ ಬೇಕಾಗುವುದು ಇದಕ್ಕೇ. ಅವನ ಧೈರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ನಾನು ಕೊಂಡಾಡಲಾರೆ. ಅವತ್ತು ಅವನನ್ನು ತಡೆಯಬೇಕಿತ್ತು.

ಆಗಸ್ಟಿನಲ್ಲಿ ಪ್ಲೇಟ್ ಹಾಳಾಗಿ ಎರಡನೇ ಆಪರೇಷನ್. ಮೂಳೆ ಕೂಡಲಿಲ್ಲ, ಸೋಂಕೂ ಇತ್ತು. ಡಿಸೆಂಬರಿನಲ್ಲಿ ಸೊಂಟದ ಮೂಳೆಯ ತುಂಡು ತೆಗೆದು ಕಸಿ ಮಾಡಿದ ಮೂರನೇ ಆಪರೇಷನ್ಗೆ ಎಂಟು ಗಂಟೆ ಹಿಡಿಯಿತು. ಈ ತಿಂಗಳುಗಳು ಭಂಡಾರದಲ್ಲಿ ಹೇಗೆ ಕಾಣುತ್ತವೆ ಗೊತ್ತಾ? ಅವನಿಲ್ಲದ 13 ರೇಸ್‌ಗಳಾಗಿ. ನಾನು ಬಿಡದೆ ಅವನ್ನೂ ನೋಡಿದೆ. ಮಯೋರ್ಕಾದ ಜೋನ್ ಮೀರ್ ಪಟ್ಟ ಗೆದ್ದ ಆ ವರ್ಷದ ರೇಸ್‌ಗಳು ನಿಜಕ್ಕೂ ಚೆನ್ನಾಗಿವೆ. ಆದರೂ ಗ್ರಿಡ್‌ನಲ್ಲಿ 93 ಹುಡುಕುವ ಅಭ್ಯಾಸ ಹೋಗಲಿಲ್ಲ.

2021ರ ಏಪ್ರಿಲ್‌ನಲ್ಲಿ ಪೋರ್ಚುಗಲ್‌ನ ಪೋರ್ಟಿಮಾವ್‌ನಲ್ಲಿ ವಾಪಸ್ ಬಂದು ಏಳನೆಯವನಾದ, ಗ್ಯಾರೇಜಿಗೆ ಬಂದು ಅತ್ತ. ಇಲ್ಲಿಂದ ಮುಂದೆ ದಯವಿಟ್ಟು ಬಲ ಮೊಣಕೈ ನೋಡಿ. 2019ರ ಯಾವುದಾದರೂ ರೇಸನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. ಬಲತಿರುವಿನಲ್ಲಿ ಮೊಣಕೈ ಇರಬೇಕಾದ ಜಾಗದಲ್ಲಿಲ್ಲ. ಕಾರಣ, ಮುರಿದ ಮೂಳೆ ಕೂಡುವಾಗ 30 ಡಿಗ್ರಿಗೂ ಹೆಚ್ಚು ತಿರುಚಿಕೊಂಡೇ ಕೂಡಿತ್ತು. ನೀವು ಕೂತಲ್ಲೇ ಒಂದು ಹ್ಯಾಂಡಲ್ ಹಿಡಿದಂತೆ ಕೈ ಚಾಚಿ, ಮೊಣಕೈಯನ್ನು ಅಷ್ಟು ತಿರುಗಿಸಿ, ಆ ಭಂಗಿಯಲ್ಲೇ ಮುಂದಕ್ಕೆ ಒತ್ತಿ ನೋಡಿ. ಭುಜದ ಹಿಂಭಾಗ ಕೂಡಲೇ ದೂರು ಹೇಳುತ್ತೆ. ಅವನು ಆ ತೋಳಿನಲ್ಲೇ ಜೂನ್‌ನಲ್ಲಿ ಜರ್ಮನಿಯ ಸ್ಯಾಕ್ಸೆನ್‌ರಿಂಗ್ ಗೆದ್ದ, ಹಿಂದಿನ ಗೆಲುವಿನಿಂದ 581 ದಿನದ ನಂತರ. ಅಲ್ಲಿ 10 ಎಡತಿರುವು, 3 ಬಲತಿರುವು ಅನ್ನೋದು ಗೊತ್ತಿದ್ದರೆ ಆ ಗೆಲುವಿನ ಒಳಗು ತಿಳಿಯುತ್ತೆ. 2022ರ ಜೂನ್‌ನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮೂಳೆ ಕತ್ತರಿಸಿ, ತಿರುಗಿಸಿ ಮತ್ತೆ ಕೂಡಿಸಿದರು. ನಾಲ್ಕನೇ ಆಪರೇಷನ್.

ಹೋಂಡಾ ಬಿಟ್ಟು, 2024ರಲ್ಲಿ ತನ್ನ ತಮ್ಮ ಅಲೆಕ್ಸ್ ಇದ್ದ ಗ್ರೆಸಿನಿ ತಂಡಕ್ಕೆ ಹೋಗಿ ಡುಕಾಟಿ ಹತ್ತಿದ. ಸ್ಪೇನಿನ ಅರಾಗಾನ್‌ನಲ್ಲಿ, ಹಿಂದಿನ ಗೆಲುವಿನಿಂದ 1043 ದಿನದ ಮೇಲೆ, ಗೆದ್ದ. 2025ರ ಸೆಪ್ಟೆಂಬರ್ 28ರಂದು ಮತ್ತೆ ಮೊಟೆಗಿಯಲ್ಲೇ ಪಟ್ಟ. ಎಲ್ಲ ವಿಭಾಗ ಸೇರಿ ಒಂಬತ್ತನೆಯದು. ಇದನ್ನು ನೇರವಾಗಿ ನೋಡುತ್ತಿದ್ದೆವು. ಮುಂದಿದ್ದ ಇಟಲಿಯ ಸವಾರ ಬನ್ಯಾಯನ ಬೈಕಿನಿಂದ ಹೊಗೆ ಏಳುತ್ತಿತ್ತು, ಮಾರ್ಕ್ ಎರಡನೆಯವನು. ಸರಿಯಾಗಿ ಆಗಲೇ ಮನೆಯ ಇಂಟರ್‌ನೆಟ್ ಕೈಕೊಟ್ಟಿತು. ನನ್ನ ತಮ್ಮ ಮೊಬೈಲಿನಲ್ಲಿ ಹಾಟ್‌ಸ್ಪಾಟ್ ಹಾಕುವಷ್ಟರಲ್ಲಿ ರೇಸ್ ಮುಗಿದಿತ್ತು. ರಾತ್ರಿ ಪೂರ್ತಿ ರೇಸ್ ಮತ್ತೆ ಹಾಕಿಕೊಂಡೆವು. ಟ್ರ್ಯಾಕಿನ ಪಕ್ಕ ದೊಡ್ಡ ಪರದೆಯಲ್ಲಿ ಮಾರ್ಕ್‌ನ ಹಳೆಯ ದಿನಗಳು, ಬಿದ್ದದ್ದೂ ಸೇರಿ, ಬರುತ್ತಿದ್ದವು. ಮಾರ್ಕ್ ಅದನ್ನು ನೋಡುತ್ತಾ ಅಳುತ್ತಿದ್ದ. ಅಷ್ಟೂ ವರ್ಷವನ್ನು ರಾತ್ರಿ ರಾತ್ರಿ ನೋಡಿಕೊಂಡು ಬಂದಿದ್ದ ನನಗೂ ತಡೆಯಲಾಗಲಿಲ್ಲ. ಮುಂದಿನ ಭಾನುವಾರವೇ ಇಂಡೊನೇಷ್ಯಾದಲ್ಲಿ ಹಿಂದಿನಿಂದ ಬಂದ ಬೈಕ್ ತಗುಲಿ ಬಿದ್ದ. ಪೆಟ್ಟು ಮತ್ತೆ ಬಲಭುಜಕ್ಕೇ, ಮತ್ತೆ ಆಪರೇಷನ್.

ಯಾರಿಗೆ ಇದು ಬೇಡ ಅಂದರೆ, ಭಾನುವಾರದ ರೇಸ್ ಒಂದೇ ಸಾಕು ಅನ್ನುವವರಿಗೆ. ಇದು ಅಗ್ಗದ ಚಂದಾ ಅಲ್ಲ. ಕಟ್ಟುವುದಾದರೆ ಸೀಸನ್ ಶುರುವಿನಲ್ಲೇ ಕಟ್ಟಿ. ಕನ್ನಡದಲ್ಲಿ ಕಾಮೆಂಟರಿ ಇಲ್ಲ, ಇಂಗ್ಲಿಷ್ ಮಾತಿನ ಓಟ ಹಿಡಿಯಲು ನನಗೆ ಒಂದೆರಡು ವಾರ ಬೇಕಾಯಿತು. ಹಳೆಯ ರೇಸ್ ಹಾಕುವ ಮೊದಲು ಫಲಿತಾಂಶ ಹುಡುಕಬೇಡಿ, ಮನೆಯಲ್ಲಿ ಗೊತ್ತಿರುವವರ ಬಾಯಿಗೂ ಬೀಗ ಹಾಕಿಸಿ.

ನಾನಂತೂ ಮುಂದುವರಿಸುತ್ತಿದ್ದೇನೆ. ಈ ಸಲ ದುಡ್ಡು ನನ್ನದು. ತೋಳಿಗೆ ಪ್ಲೇಟ್ ಹಾಕಿಸಿಕೊಂಡ ಹತ್ತೊಂಬತ್ತರ ಹುಡುಗನೊಬ್ಬ ಈಗ ನನ್ನ ಹತ್ತಿರ ಬರುತ್ತಿದ್ದಾನೆ. ಬೈಕ್ ಯಾವಾಗ ಹತ್ತಲಿ ಅಂತ ದಿನಾ ಅದೇ ಪ್ರಶ್ನೆ. ನಿನ್ನೆ ಅವನನ್ನು ಕೂರಿಸಿಕೊಂಡು 2020ರ ಆ ಶನಿವಾರ ತೋರಿಸಿದೆ, ಆಮೇಲೆ 2021ರ ಮೊಣಕೈ ತೋರಿಸಿದೆ. 'ಇನ್ನೆಷ್ಟು ವಾರ ಅಂದ್ರಿ ಮೇಡಂ?' ಅಂದ. ಎಂಟು ಅಂದೆ. ಅವತ್ತು ಚೌಕಾಸಿ ಮಾಡಲಿಲ್ಲ.